ಆಮೇಲೆ ಆ ಗಿಡ ಎಲ್ಲಿಗೆ ಹೋಯಿತು, ನಿರ್ದೇಶಕರೇ?

ಮಾನ್ಯ ನಿರ್ದೇಶಕರೇ,

ನಾಲ್ಕು ವರ್ಷ ಹೆಣಗಿ ನಮ್ಮಕ್ಕನ ಹೊಲದಿಂದ ಹೊರತೆಗೆದ ವಿಷವನ್ನು ತಾವು ಅದೇ ಅಕ್ಕನಿಗೆ, ಅದೇ ಹೊಲಕ್ಕೆ, ಚೀಲದಲ್ಲಿ ತುಂಬಿ ಉಡುಗೊರೆಯಾಗಿ ಕೊಟ್ಟಿದ್ದೀರಿ. ಕೊಡುವಾಗ ಫೋಟೋ ತೆಗೆಸಿಕೊಂಡಿದ್ದೀರಿ. ಆ ಫೋಟೋ ಈಗ ಸಂಸ್ಥೆಯ ಮುಂಬಾಗಿಲ ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗಿದೆ. ಅದರಲ್ಲಿ ತಾವು ನಗುತ್ತಿದ್ದೀರಿ, ಅಕ್ಕ ನಗುತ್ತಿದ್ದಾಳೆ, ಹಿಂದೆ ನಿಂತ ನಾನೂ ಹಲ್ಲು ಕಿರಿದಿದ್ದೇನೆ. ದಿನಾ ಬೆಳಿಗ್ಗೆ ಹಾಜರಿ ಹಾಕುವ ಮೊದಲು ನಾನು ಆ ನಗುವಿನ ಮುಂದೆಯೇ ಹಾದು ಹೋಗಬೇಕು.

ಇದನ್ನು ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೇನೆಂದು ತಾವು ಕೇಳಬಹುದು. ಮೊದಲು ತಮಗೇ ಬರೆದೆ. ಒಂದಲ್ಲ, ಮೂರು ಪತ್ರ. ಮೂರಕ್ಕೂ ಸ್ವೀಕೃತಿ ಸಂಖ್ಯೆ ಬಂತು, ಉತ್ತರ ಬರಲಿಲ್ಲ. ತಮ್ಮ ಕೋಣೆಗೂ ನನ್ನ ಕೋಣೆಗೂ ನಡುವೆ ಮೂವತ್ತೆರಡು ಮೆಟ್ಟಿಲುಗಳಿವೆ; ಉತ್ತರಕ್ಕೆ ಅಷ್ಟನ್ನು ಇಳಿದು ಬರುವ ಶಕ್ತಿ ಇರಲಿಲ್ಲವೆಂದು ಕಾಣುತ್ತದೆ.

ತಮಗೆ ನಾನು ಗೊತ್ತು, ಓದುಗರಿಗೆ ಗೊತ್ತಿಲ್ಲ. ಕೃಷಿ ಎಂಜಿನಿಯರಿಂಗ್ ಸಂಶೋಧನೆ ನಡೆಸುವ ತಮ್ಮ ಸಂಸ್ಥೆಯಲ್ಲಿ, ಕೆಳಮಹಡಿಯ ಕೊನೆಯಲ್ಲಿ ಮಣ್ಣಿನ ಮಾದರಿ ಕೋಣೆ ಎಂಬುದೊಂದಿದೆ. ಇಪ್ಪತ್ತಾರು ವರ್ಷದಿಂದ ನಾನು ಅಲ್ಲಿನ ಸಹಾಯಕ. ಹೊಲಗಳಿಂದ ಬಂದ ಮಣ್ಣನ್ನು ತಟ್ಟೆಗಳಲ್ಲಿ ಹರಡಿ ಒಣಗಿಸುವುದು, ಹೆಂಟೆ ಕುಟ್ಟುವುದು, ಜರಡಿ ಹಿಡಿಯುವುದು, ಪೊಟ್ಟಣ ಕಟ್ಟಿ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯುವುದು ನನ್ನ ಕೆಲಸ. ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲು ಹರಡುವುದಿಲ್ಲ. ಸಹೋದ್ಯೋಗಿಗಳು ನನಗೆ ಜರಡಿಯಪ್ಪ ಎಂದು ಹೆಸರಿಟ್ಟಿದ್ದಾರೆ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ನಮ್ಮ ಕೋಣೆಯಲ್ಲಿ ಒಂದು ಪದ್ಧತಿಯಿದೆ. ವಿಷವಿರುವ ಮಣ್ಣಾಗಲಿ ಗಿಡವಾಗಲಿ ಬಂದರೆ ಆ ಚೀಲದ ಬಾಯಿಗೆ ಕೆಂಪು ದಾರ, ಎರಡು ಸುತ್ತು, ಒಂದು ಕುಣಿಕೆ. ಉಳಿದದ್ದಕ್ಕೆಲ್ಲ ಸಾದಾ ಸೆಣಬಿನ ಹುರಿ. ಈ ಪದ್ಧತಿಯನ್ನು ಶುರುಮಾಡಿದವನು ನಾನೇ. ಕೋಣೆಗೆ ಬಂದ ಹೊಸಬರಿಗೆಲ್ಲ ಬಾಯಿಮಾತಿನಲ್ಲಿ ಹೇಳಿಕೊಟ್ಟವನೂ ನಾನೇ. ಎಲ್ಲಿಯೂ ಬರೆದಿಡಲಿಲ್ಲ. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದೆ ನಡೆದದ್ದರಲ್ಲಿ ನನ್ನ ತಪ್ಪು ಇಷ್ಟು, ಅದನ್ನು ನಾನು ಮುಚ್ಚಿಡುವುದಿಲ್ಲ.

ಅಕ್ಕನದು ಕಾಲುವೆ ದಂಡೆಯ ಮುಕ್ಕಾಲು ಎಕರೆ. ಮದುವೆಯಾದ ಮರುವರ್ಷದಿಂದ ಅಲ್ಲಿ ಸೊಪ್ಪು ಬೆಳೆದು, ಬುಟ್ಟಿಯಲ್ಲಿ ಹೊತ್ತು ಬೀದಿ ಬೀದಿ ಮಾರಿದವಳು. ಕಾಲುವೆಯ ಮೇಲ್ದಂಡೆಯಲ್ಲಿ ಕಬ್ಬಿಣದ ಸಾಮಾನಿಗೆ ಲೋಹದ ಲೇಪ ಹಾಕುವ ಕಾರ್ಖಾನೆಯೊಂದು ಬಹಳ ವರ್ಷ ಇತ್ತು, ಆಮೇಲೆ ಬಾಗಿಲು ಹಾಕಿತು. ಅದು ತೊಳೆದು ಬಿಟ್ಟ ನೀರು ಮಾತ್ರ ಹೊಲಗಳಲ್ಲಿ ಉಳಿಯಿತು. ಒಮ್ಮೆ ಸಂಸ್ಥೆಗೆ ಹೊಸ ಯಂತ್ರ ಬಂದಾಗ, ಪರೀಕ್ಷೆ ಮಾಡಿ ನೋಡಲು ಒಂದು ಹಿಡಿ ಮಣ್ಣು ಬೇಕೆಂದರು. ನಾನು ಅಕ್ಕನ ಹೊಲದಿಂದ ತಂದೆ. ಅದರಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಇರಬಹುದಾದ ಮಿತಿಯ ಎರಡು ಪಟ್ಟು ಇತ್ತು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಸೊಪ್ಪಿನ ಎಲೆಯೊಳಗೆ ಸೇರಿ, ತಿಂದವರ ಮೂತ್ರಪಿಂಡದಲ್ಲಿ ಹೋಗಿ ಕೂರುತ್ತದೆ, ಕೂತರೆ ಏಳುವುದಿಲ್ಲ.

ಸಂಜೆ ಹೋಗಿ ಅಕ್ಕನಿಗೆ ಹೇಳಿದೆ. ಯಾವ ಯಂತ್ರ, ಎಷ್ಟು ಪಾಲು ಎಂದೆಲ್ಲ ಅವಳು ಕೇಳಲಿಲ್ಲ. ಮಕ್ಕಳಿರುವ ಮನೆಯವರೂ ಕೊಂಡುಕೊಳ್ಳುತ್ತಾರಲ್ಲ ಎಂದಳು. ಮರುದಿನ ಮಾರಲು ಸಿದ್ಧವಾಗಿದ್ದ ಸೊಪ್ಪನ್ನು ಕತ್ತಲಾಗುವುದರೊಳಗೆ ತಾನೇ ಕಿತ್ತು ಹಾಕಿದಳು. ಯಾವ ಕಾಯಿದೆಯೂ ಅವಳನ್ನು ಕೇಳಿರಲಿಲ್ಲ, ಯಾವ ಅಧಿಕಾರಿಯೂ ಬಂದಿರಲಿಲ್ಲ. ಒಂದು ಸಂಸ್ಥೆಗೆ ಇರಬೇಕಾದ ಆತ್ಮಸಾಕ್ಷಿ ಐದನೇ ತರಗತಿ ಓದಿದ ಒಬ್ಬ ಹೆಂಗಸಿಗೆ ಇತ್ತು, ಅಷ್ಟೇ.

ಆಗಲೇ ತಮ್ಮ ಯೋಜನೆ ಬಂದದ್ದು. ಸಾಸಿವೆ ಗಿಡ ಈ ಲೋಹವನ್ನು ಬೇರಿನಿಂದ ಹೀರಿ ಎಲೆಗೆ, ಕಾಂಡಕ್ಕೆ ತಂದುಕೊಳ್ಳುತ್ತದೆ. ಬಿತ್ತುವುದು, ಬೀಜ ಕಟ್ಟುವ ಮೊದಲೇ ಕೊಯ್ಯುವುದು, ಮತ್ತೆ ಬಿತ್ತುವುದು. ಹೀಗೆ ಗಿಡದಿಂದಲೇ ಮಣ್ಣು ತೊಳೆಯುವುದು. ಒಳ್ಳೆಯ ವಿಜ್ಞಾನ, ನನಗೆ ಇಂದಿಗೂ ಅದರ ಮೇಲೆ ಸಿಟ್ಟಿಲ್ಲ. ಪ್ರಯೋಗಕ್ಕೆ ಹೊಲ ಬೇಕಿತ್ತು. ನಾನೇ ಅಕ್ಕನ ಹೆಸರು ಹೇಳಿದೆ, ನಾನೇ ತಮ್ಮನ್ನು ಅವಳ ಮನೆಗೆ ಕರೆದುಕೊಂಡು ಹೋದೆ. ತಾವು ಅವಳ ಜಗುಲಿಯ ಮಂಚದ ಮೇಲೆ ಕೂತು ಟೀ ಕುಡಿದಿರಿ. ನಾಲ್ಕು ವರ್ಷ ಕೊಡಿ, ಮಗುವಿಗೆ ಸ್ನಾನ ಮಾಡಿಸಿ ತಾಯಿ ಕೈಗೆ ಕೊಟ್ಟ ಹಾಗೆ ಕೊಡ್ತೀವಿ ಎಂದಿರಿ. ಎಂಥ ಮಾತು! ನನ್ನ ಕಣ್ಣು ಒದ್ದೆಯಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಅಕ್ಕ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಸಾರ್, ಮಣ್ಣಲ್ಲಿರೋ ವಿಷ ಗಿಡಕ್ಕೆ ಬರುತ್ತೆ ಅಂದ್ರಿ. ಸರಿ. ಆಮೇಲೆ ಆ ಗಿಡ ಎಲ್ಲಿಗೆ ಹೋಗುತ್ತೆ?"

ತಾವು ಜೋರಾಗಿ ನಕ್ಕು, ಇವರು ವಿಜ್ಞಾನಿ ಆಗಬೇಕಿತ್ತು ಕಣ್ರೀ ಎಂದು ನನ್ನ ಬೆನ್ನು ತಟ್ಟಿದಿರಿ. ಮುಚ್ಚಿದ ಕುಲುಮೆಯಲ್ಲಿ ಸುಡುತ್ತೇವೆ, ಬೂದಿಯನ್ನು ಡ್ರಮ್ಮಿನಲ್ಲಿ ಹಾಕಿ ಮೊಹರು ಮಾಡುತ್ತೇವೆ ಎಂದಿರಿ. ಅಕ್ಕ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಹೊಲ ಕೊಟ್ಟದ್ದು ಆ ತಲೆಯಾಟಕ್ಕೆ.

ನಾಲ್ಕು ವರ್ಷ ಅಕ್ಕ ಒಂದು ಕಡ್ಡಿ ಸೊಪ್ಪು ಬೆಳೆಯಲಿಲ್ಲ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆ ಹೊದಿಕೆ ಮಡಿಸುವ ಕೆಲಸಕ್ಕೆ ಸೇರಿದಳು. ಮಣ್ಣು ಮುಟ್ಟಿ ಬೆಳೆದ ಕೈಗೆ ಆ ಬಿಳಿ ಬಟ್ಟೆ ಒಗ್ಗಲಿಲ್ಲ. ನನ್ನ ಬೆರಳೇ ನನಗೆ ನೆಂಟರ ಹಾಗೆ ಕಾಣ್ತವೆ ಎಂದು ನಗುತ್ತಿದ್ದಳು. ಒಮ್ಮೆ ಮರೆತು ಸಾಸಿವೆಯ ಎಳೆ ಎಲೆ ಕಿತ್ತು ಬಾಯಿಗೆ ಹಾಕಹೊರಟಾಗ ಕೈಯಿಂದ ಕಸಿದುಕೊಂಡೆ. ಅವಳಿಗೆ ಎಂದೂ ಗದರದ ನಾನು ಅಂದು ಗದರಿದೆ. ಏಳು ಕೊಯ್ಲಾಯಿತು. ಪ್ರತಿ ಸಲವೂ ಗಿಡಗಳನ್ನು ಒಣಗಿಸಿ ಚೀಲಕ್ಕೆ ತುಂಬಿ, ಕೆಂಪು ದಾರ ಕಟ್ಟಿ, ಹಿಂದಿನ ಶೆಡ್ಡಿನಲ್ಲಿ ಪೇರಿಸಿದೆ. ಕುಲುಮೆ ಈ ವರ್ಷ ಬರುತ್ತದೆ, ಮುಂದಿನ ವರ್ಷ ಬರುತ್ತದೆ ಎನ್ನುತ್ತಿದ್ದರು. ಶೆಡ್ಡು ತುಂಬಿತು, ಕುಲುಮೆ ಬರಲಿಲ್ಲ. ಮಣ್ಣಿನಲ್ಲಿ ಲೋಹದ ಪ್ರಮಾಣ ಅರ್ಧಕ್ಕಿಂತ ಕೆಳಗೆ, ಮಿತಿಯೊಳಗೆ ಇಳಿದ ದಿನ ನಾನೇ ಓಡಿಹೋಗಿ ಅಕ್ಕನಿಗೆ ಹೇಳಿ ಬಂದೆ.

ಆಮೇಲೆ ನಡೆದದ್ದಕ್ಕೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯೇ ಸಾಕು. ತಮ್ಮದೇ ಸಂಸ್ಥೆಯಲ್ಲಿ ಒಂದು ವಿಭಾಗ ಗಿಡದಿಂದ ಮಣ್ಣು ತೊಳೆಯುತ್ತದೆ, ಇನ್ನೊಂದು ವಿಭಾಗ ಒಣ ಗಿಡದಿಂದ ಗೊಬ್ಬರ ಮಾಡುತ್ತದೆ. ಎರಡರ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಪರಿಶೀಲನಾ ತಂಡ ಬರುತ್ತದೆಂದು ತಮ್ಮ ಕಚೇರಿಯಿಂದ ಆದೇಶ ಹೊರಟಿತು: ಆವರಣದಲ್ಲಿರುವ ಒಣ ಸಸ್ಯತ್ಯಾಜ್ಯವನ್ನೆಲ್ಲ ಗೊಬ್ಬರ ವಿಭಾಗಕ್ಕೆ ಸಾಗಿಸಿ ಸ್ವಚ್ಛತೆ ಕಾಪಾಡತಕ್ಕದ್ದು. ಸಹಿ ತಮ್ಮದು. ಆ ವಾರ ನಾನು ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿ ಮಲಗಿದ್ದೆ. ಮರಳಿ ಬಂದಾಗ ಶೆಡ್ಡು ಖಾಲಿ. ಕೇಳಿದೆ. ನಿಯಮದ ಪ್ರಕಾರ ವಿಲೇವಾರಿಯಾಗಿದೆ ಎಂದರು. ಬೇರೆಲ್ಲಾದರೂ ಸುಡಲು ಕಳಿಸಿರಬೇಕೆಂದುಕೊಂಡೆ. ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಅಕ್ಕನಾಗಿದ್ದರೆ ಕೇಳುತ್ತಿದ್ದಳು.

ಗೊಬ್ಬರ ವಿಭಾಗದಲ್ಲಿ ಒಬ್ಬ ಹಿರಿಯ ಕೆಲಸಗಾರರಿದ್ದಾರೆ, ಎಲ್ಲರೂ ಅವರನ್ನು ಗೊಬ್ಬರದ ಮಾವ ಎನ್ನುತ್ತಾರೆ. ಹರಿದ ಚೀಲವನ್ನೂ ಎಸೆಯದ ಮನುಷ್ಯ. ಅವರು ಚೀಲ ಬಿಚ್ಚುವಾಗ, ಈ ದಾರ ಯಾಕೆ ಕೆಂಪಗಿದೆ ಎಂದು ಹೊತ್ತು ತಂದವರನ್ನು ಕೇಳಿದರಂತೆ. ಜರಡಿಯಪ್ಪನಿಗೆ ಕೆಂಪು ಅಂದ್ರೆ ಇಷ್ಟ ಎಂದು ಯಾರೋ ತಮಾಷೆ ಮಾಡಿದರಂತೆ. ಮಾವ ದಾರಗಳನ್ನು ಜೋಪಾನವಾಗಿ ಸುತ್ತಿಟ್ಟರು. ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧವಾದಾಗ ಅದೇ ದಾರದಿಂದ ಹೊಸ ಚೀಲಗಳ ಬಾಯಿ ಕಟ್ಟಿದರು. ಇದನ್ನೆಲ್ಲ ಎಷ್ಟೋ ದಿನದ ನಂತರ, ವಿಷಯ ಬಯಲಾದ ಮೇಲೆ, ಅವರೇ ನನ್ನ ಮುಂದೆ ಹೇಳಿ, ಗೊತ್ತಿರಲಿಲ್ಲ ಕಣಪ್ಪಾ ಎಂದು ಕೈ ಹಿಡಿದುಕೊಂಡರು. ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ತಪ್ಪೊಪ್ಪಿಕೊಂಡವರು ಸಂಸ್ಥೆಯಲ್ಲಿ ಅವರೊಬ್ಬರೇ.

ಹೊಲ ಮರಳಿಸುವ ಸಮಾರಂಭದಲ್ಲಿ ಅಕ್ಕನಿಗೆ ಅರವತ್ತು ಚೀಲ ಗೊಬ್ಬರ ಕೊಟ್ಟಿರಿ. ಫೋಟೋಕ್ಕೆಂದು ಒಂದು ಚೀಲಕ್ಕೆ ಮಾತ್ರ ರೇಷ್ಮೆ ರಿಬ್ಬನ್ನು, ಉಳಿದವು ವ್ಯಾನಿನಲ್ಲೇ ಇದ್ದವು. ಅಕ್ಕ ಅಷ್ಟನ್ನೂ ಹೊಲದಲ್ಲಿ ಮನೆಗೆ ಹತ್ತಿರದ ಎಂಟು ಮಡಿಗಳಿಗೆ ಸುರಿದು, ಸೊಪ್ಪು ಬಿತ್ತಿ, ಬದುವಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸಿದಳು. ಬಟ್ಟೆ ಮಡಿಸುವ ಕೆಲಸ ಬಿಟ್ಟಳು.

ತಿಂಗಳು ಕಳೆದು ನಾನು ಅಲ್ಲಿಗೆ ಹೋದಾಗ ಬಳ್ಳಿಗಳು ಕೋಲಿಗೆ ಚೆನ್ನಾಗಿ ಹಬ್ಬಿದ್ದವು. ಪ್ರತಿ ಬಳ್ಳಿಯನ್ನೂ ಕೋಲಿಗೆ ಕೆಂಪು ದಾರದಿಂದ ಕಟ್ಟಿದ್ದಳು. ದಾರ ಎಲ್ಲಿಂದ ಬಂತಕ್ಕಾ ಎಂದೆ. ನಿಮ್ಮ ಗೊಬ್ಬರದ ಚೀಲದ್ದೇ ಕಣೋ, ಗಟ್ಟಿ ಇದೆ ಎಂದಳು. ಒಂದನ್ನು ಬಿಚ್ಚಿ ನೋಡಿದೆ, ನಮ್ಮ ಕೋಣೆಯಲ್ಲಿ ನಾನೇ ಕಟ್ಟುತ್ತಿದ್ದ ದಾರ. ಮಾರನೆಯ ದಿನಕ್ಕೆ ಬುಟ್ಟಿ ಒರೆಸಿಟ್ಟಿದ್ದಳು. ಎರಡು ದಿನ ತಡಿ ಎಂದಷ್ಟೇ ಹೇಳಿ, ಎಂಟೂ ಮಡಿಗಳ ಮಣ್ಣು ತೆಗೆದುಕೊಂಡು ಬಂದೆ. ಒಣಗಿಸಿದೆ, ಕುಟ್ಟಿದೆ, ಜರಡಿ ಹಿಡಿದೆ. ಮೂರು ಸಲ ಪರೀಕ್ಷೆ ಮಾಡಿಸಿದೆ. ಮೂರು ಸಲವೂ ಮೇಲಿನ ನಾಲ್ಕು ಬೆರಳು ಮಣ್ಣಿನಲ್ಲಿ ನಾಲ್ಕು ವರ್ಷದ ಹಿಂದಿನದಕ್ಕಿಂತ ಹೆಚ್ಚು ವಿಷವಿತ್ತು. ಇಡೀ ಹೊಲದಿಂದ ಹೀರಿದ್ದನ್ನು ತಂದು ಅವಳು ಅಡುಗೆಮನೆಗೆ ಕೊಯ್ಯುವ ಜಾಗದಲ್ಲಿ ಸುರಿದಿದ್ದೆವು.

ಆ ಹಾಳೆ ಹಿಡಿದು ಮೂವತ್ತೆರಡು ಮೆಟ್ಟಿಲು ಹತ್ತಿದೆ. ತಾವು ಓದಿದಿರಿ. ಮುಖ ಬದಲಾದದ್ದನ್ನು ನಾನು ಕಂಡೆ, ಆದ್ದರಿಂದ ಅರ್ಥವಾಗಲಿಲ್ಲ ಎಂದು ಮಾತ್ರ ಹೇಳಬೇಡಿ. ಅದನ್ನು ಮಡಚಿ ನನ್ನ ಕಡೆ ಸರಿಸಿದಿರಿ.

"ಈ ಮಾದರಿ ಅಧಿಕೃತ ಅಲ್ಲ. ತೆಗೀರಿ ಅಂತ ನಿಮಗೆ ಯಾರು ಹೇಳಿದ್ರು? ವರದಿ ಪ್ರಿಂಟಾಗಿ ಹೋಗಿದೆ. ನಿಮಗಿನ್ನು ಎಂಟು ತಿಂಗಳು ಸರ್ವಿಸ್ ಇದೆ, ನೆಮ್ಮದಿಯಾಗಿ ಮುಗಿಸ್ಕೊಳ್ಳಿ."

ಅಧಿಕೃತವಲ್ಲವೇ? ಇಪ್ಪತ್ತಾರು ವರ್ಷ ತಮ್ಮ ವರದಿಗಳಿಗೆಲ್ಲ ಮಣ್ಣು ಜರಡಿ ಹಿಡಿದ ಕೈ ಇದೇ. ಆ ಕೈ ಶ್ಲಾಘನೆ ತರುವ ಅಂಕಿಗಳನ್ನು ಕೊಟ್ಟಾಗ ಅಧಿಕೃತ, ತಪ್ಪು ತೋರಿಸಿದಾಗ ಅನಧಿಕೃತವೇ? ವರದಿಯ ಕೊನೆಯ ಪುಟದಲ್ಲಿ, ಕೊಯ್ದ ಗಿಡಗಳನ್ನು ಸುರಕ್ಷಿತವಾಗಿ ವಿಲೇವಾರಿ ಮಾಡಲಾಗಿದೆ ಎಂದಿದೆ. ಎಲ್ಲಿ? ಯಾರು? ಒಂದಕ್ಷರವಿಲ್ಲ. ತಿಪ್ಪೆ ಸಾರಿಸುವುದು ಎಂಬ ಮಾತನ್ನು ಕೇಳಿದ್ದೆ; ಅದನ್ನು ಒಂದು ಸಂಶೋಧನಾ ಸಂಸ್ಥೆ ಇಷ್ಟು ಅಕ್ಷರಶಃ ಮಾಡೀತೆಂದು ಎಣಿಸಿರಲಿಲ್ಲ. ಅದೇ ತಿಂಗಳು ಅದೇ ಗೊಬ್ಬರ ಇನ್ನೂ ಮೂವತ್ತೊಂದು ಮನೆಗಳ ಕೈತೋಟಕ್ಕೆ ಹೋಗಿದೆ. ಆ ಪಟ್ಟಿ ಗೊಬ್ಬರ ವಿಭಾಗದ ಗೋಡೆಯ ಮೇಲಿತ್ತು; ಮನೆಗಳನ್ನು ಎಣಿಸಿದ್ದೆ, ವಿಳಾಸ ಬರೆದುಕೊಂಡಿರಲಿಲ್ಲ. ನಾನು ತಮ್ಮ ಕೋಣೆಯಿಂದ ಇಳಿದು ಬರುವಷ್ಟರಲ್ಲಿ ಗೋಡೆಯ ಮೇಲೆ ಮೊಳೆ ಮಾತ್ರ ಉಳಿದಿತ್ತು. ಇಂಥ ಚುರುಕುತನ ನಮ್ಮ ಕುಲುಮೆಯ ಕಡತಕ್ಕೆ ಇದ್ದಿದ್ದರೆ!

ತಪ್ಪು ಯಾರಿಂದಲೂ ಆಗುತ್ತದೆ. ನನ್ನಿಂದಲೂ ಆಗಿದೆ. ಆದರೆ ತಪ್ಪು ಗೊತ್ತಾದ ಮೇಲೂ ಮೂವತ್ತೊಂದು ಮನೆಯವರು ಸೊಪ್ಪು ಕೊಯ್ದು ಮಕ್ಕಳಿಗೆ ಬಡಿಸಲಿ ಎಂದು ಸುಮ್ಮನಿರುವುದಕ್ಕೆ ಏನೆನ್ನಬೇಕು? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ನನಗೆ ದ್ರೋಹವಾಗಿದೆ, ನಿರ್ದೇಶಕರೇ. ಇದಕ್ಕೆ ಬೇರೆ ಮೃದುವಾದ ಪದ ಹುಡುಕಿದೆ, ಸಿಗಲಿಲ್ಲ.

ಅಕ್ಕನಿಗೆ ಹೇಳಲು ಹೋದಾಗ ಅವಳು ಬುಟ್ಟಿಯ ಪಕ್ಕದಲ್ಲೇ ಕೂತಿದ್ದಳು. ನನ್ನ ಮುಖ ನೋಡಿಯೇ ಎದ್ದು ಮಡಿಗೆ ಇಳಿದಳು. ಎರಡನೆಯ ಸಲ, ಅದೇ ಕೈಯಿಂದ, ಬೆಳೆದು ನಿಂತ ಸೊಪ್ಪನ್ನು ಕಿತ್ತಳು. ನಾನೂ ಕಿತ್ತೆ. ಕೀಳುತ್ತಲೇ, ತಲೆಯೆತ್ತದೆ ಹೇಳಿದಳು.

"ನಾನು ಹೊಲ ಕೊಟ್ಟಿದ್ದು ಅವರ ಮಾತಿಗಲ್ಲ ಕಣೋ. ನೀನು ತಲೆ ಆಡಿಸಿದ್ಯಲ್ಲ, ಅದಕ್ಕೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ದ್ರೋಹಕ್ಕೆ ತಮ್ಮ ಹೆಸರಿದೆ, ನಿರ್ದೇಶಕರೇ, ಎಂದುಕೊಂಡಿದ್ದೆ. ಅಕ್ಕನ ಮನೆಯಲ್ಲಿ ಅದಕ್ಕೆ ನನ್ನ ಹೆಸರಿದೆ.

ಆದ್ದರಿಂದ ನನ್ನ ಬೇಡಿಕೆಗಳು. ಆ ಮೂವತ್ತೊಂದು ಮನೆಗಳಿಗೆ ಈ ವಾರವೇ ಜನ ಕಳಿಸಿ, ಸೊಪ್ಪು ತಿನ್ನಬೇಡಿ ಎಂದು ಬಾಯಿಬಿಟ್ಟು ಹೇಳಿಸಿ. ಅವರ ಮಣ್ಣನ್ನೂ, ತಿಂದವರ ಆರೋಗ್ಯವನ್ನೂ ಪರೀಕ್ಷೆ ಮಾಡಿಸಿ. ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅಕ್ಕನ ಎಂಟು ಮಡಿಗಳ ಮೇಲ್ಮಣ್ಣನ್ನು ಕೆತ್ತಿ ತೆಗೆಸಿ. ಕೊಟ್ಟ ಮಾತಿನ ಕುಲುಮೆಯನ್ನು ತರಿಸಿ. ಕೆಂಪು ದಾರದ ಅರ್ಥವನ್ನು ನಾನು ಈಗ ಬರೆದು ನಮ್ಮ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಅದನ್ನು ಗೊಬ್ಬರ ವಿಭಾಗದ ಬಾಗಿಲಿಗೂ ತಮ್ಮ ಬಾಗಿಲಿಗೂ ಅಂಟಿಸಿ. ನನ್ನ ಎಂಟು ತಿಂಗಳ ಬಗ್ಗೆ ಚಿಂತಿಸಬೇಡಿ, ತಮಗೆ ಇಷ್ಟ ಬಂದಂತೆ ಮಾಡಿ.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸವಿದೆ. ಕಿತ್ತ ಸೊಪ್ಪನ್ನು ಅಕ್ಕ ಒಣಗಿಸಿ ಹನ್ನೊಂದು ಚೀಲಕ್ಕೆ ತುಂಬಿದ್ದಾಳೆ. ಬಳ್ಳಿಯಿಂದ ಬಿಚ್ಚಿದ ಕೆಂಪು ದಾರದಿಂದಲೇ ಬಾಯಿ ಕಟ್ಟಿದ್ದಾಳೆ, ಎರಡು ಸುತ್ತು, ಒಂದು ಕುಣಿಕೆ. ಕಾಲುವೆಗೆ ಎಸೆದರೆ ಕೆಳಗಿನ ಹೊಲದವರಿಗೆ, ತಿಪ್ಪೆಗೆ ಹಾಕಿದರೆ ಇನ್ಯಾರಿಗೋ ಎಂದು ಎಲ್ಲಿಯೂ ಹಾಕದೆ ಜಗುಲಿಯಲ್ಲಿ ಇಟ್ಟುಕೊಂಡಿದ್ದಾಳೆ. ತಾವು ಕೂತು ಟೀ ಕುಡಿದ ಮಂಚದ ಮೇಲೆ ಈಗ ಆ ಚೀಲಗಳಿವೆ. ಬನ್ನಿ, ಅವುಗಳ ಎದುರು ನಿಂತು, ಈ ಗಿಡ ಎಲ್ಲಿಗೆ ಹೋಗಬೇಕೆಂದು ಅವಳಿಗೆ ಹೇಳಿ. ಈ ಸಲ ಅವಳು ನನ್ನ ಕಡೆ ನೋಡುವುದಿಲ್ಲ.

ಇಂತಿ,
ಒಂದು ಸಲ ತಲೆಯಾಡಿಸಿ ಅಕ್ಕನ ಹೊಲ ಕಳೆದವನು,
ತಮ್ಮ ಕೆಳಮಹಡಿಯ ಜರಡಿಯಪ್ಪ