ಮೇಷ್ಟ್ರಿಗೆ ಓದಲು ಮಾತ್ರ

ಗುರುವಾರ, ೧೬

ಊಟ ಸೇರಲಿಲ್ಲ. ಅಕ್ಕನಿಗೆ ತಲೆನೋವು ಎಂದು ಸುಳ್ಳು ಹೇಳಿದೆ.

ನಮ್ಮ ಪ್ರೋಗ್ರಾಮುಗಳನ್ನೂ ಅವುಗಳ ಒಂದೊಂದು ತಿದ್ದುಪಡಿಯನ್ನೂ ಕೂಡಿಡುವ ಕೋಡ್ ರೆಪೊಸಿಟರಿಯನ್ನು ಇನ್ನು ಬ್ರೌಸರ್‌ನಲ್ಲೇ ನೋಡಬಹುದು ಎಂದು ಜಂಬದಿಂದ ಆಫೀಸಿನವರನ್ನೆಲ್ಲ ದೊಡ್ಡ ಪರದೆಯ ಮುಂದೆ ಕೂರಿಸಿದ್ದೆ. ಮುಂದಿನ ಕುರ್ಚಿಯಲ್ಲಿ ಮೇಷ್ಟ್ರು. ಇಲ್ಲಿನ ಹಿರಿಯರು, ನನಗೆ ಈ ಕೆಲಸದ ಓನಾಮ ಕಲಿಸಿದವರು. ನಾನು ಬರೆದ ಸ್ಕ್ರಿಪ್ಟ್, ಅಂದರೆ ಒಂದು ಪುಟ್ಟ ಪ್ರೋಗ್ರಾಮು, ರನ್ ಆಗಿ ರೆಪೊಸಿಟರಿ ತೋರಿಸಬೇಕಿತ್ತು. ಅದನ್ನು ರನ್ ಮಾಡು ಎಂದು ಸರ್ವರ್‌ಗೆ ಹೇಳುವುದನ್ನೇ ಮರೆತಿದ್ದೆ. ಸ್ಕ್ರಿಪ್ಟಿನೊಳಗೆ ಬರೆದದ್ದೆಲ್ಲ ಹಾಗೇ ಪರದೆಯ ಮೇಲೆ ಬಂತು, ನನಗಾಗಿ ಗೀಚಿಕೊಂಡ ಟಿಪ್ಪಣಿಯ ಸಮೇತ: ‘ಮೇಷ್ಟ್ರಿಗೆ ಓದಲು ಮಾತ್ರ ಅನುಮತಿ. ಬರೆಯಲು ಬಿಟ್ಟರೆ ಎಲ್ಲ ಕೆಡಿಸಿಡುತ್ತಾರೆ.’

ಮೇಷ್ಟ್ರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ನೋಡಿ, “ಓದೋಕೆ ಬಿಟ್ಟಿದ್ದೀಯಲ್ಲಮ್ಮ, ಓದಿದೆ” ಎಂದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಸಂಜೆ ಎಲ್ಲರೂ ಹೋದ ಮೇಲೆ ಸರ್ವರ್ ಸರಿಮಾಡಿ, ಅವರಿಗೆ ಬರೆಯುವ ಅನುಮತಿ ಕೊಟ್ಟು, ಆ ಟಿಪ್ಪಣಿ ಅಳಿಸಿದೆ. ಆದರೆ ಸ್ಕ್ರಿಪ್ಟ್ ಇರುವುದೂ ಅದೇ ರೆಪೊಸಿಟರಿಯಲ್ಲಿ. ಅಲ್ಲಿ ಅಳಿಸಿದ್ದು ಯಾವುದೂ ಹೋಗುವುದಿಲ್ಲ. ಈಗಷ್ಟೇ ಮನೆಯಿಂದ ತೆರೆದು ನೋಡಿದೆ. ಅಳಿಸಿದ್ದರ ಗುರುತಾಗಿ ಆ ಸಾಲು ಎಲ್ಲರಿಗೂ ಕಾಣುವಂತೆ ಕೆಂಪಕ್ಷರದಲ್ಲಿದೆ, ಪಕ್ಕದಲ್ಲಿ ನನ್ನ ಹೆಸರು.

ಸ್ಕ್ರಿಪ್ಟ್ ಈಗ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.