ಮಾರಿಯಮ್ಮನ ಬಾಗಿಲ ಒದ್ದೆ ಸೀರೆ

ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.
ಶುಕ್ರವಾರ

ಅಕ್ಕನಿಗೆ ನಮಸ್ಕಾರ.

ನೋಟ್ಸೇ ಕೊಡದ ಆ ದೊಡ್ಡ ಕಾಲೇಜಿನಿಂದ ಮೊಮ್ಮಗಳು ವಿನುತಾಳನ್ನು ಬಿಡಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದೆಯಲ್ಲ, ಅವಳ ತರಗತಿಯೇ ಊರು ನೋಡಿ ಕಲಿಯಲು ಇಲ್ಲಿಗೆ ಬಂದಿದೆಯೆಂದು ನಾನೂ ಬಂದೆ. ಗಣಿಯ ಪುಡಿಮಣ್ಣು ಮನೆಗಳ ಬೆನ್ನಿಗೇ ಗುಡ್ಡವಾಗಿ ನಿಂತಿದೆ. ಗಾಳಿ ಎದ್ದರೆ ಹೆಂಗಸರು ಬಾಗಿಲಿಗೆ ಒದ್ದೆ ಸೀರೆ ಕಟ್ಟುತ್ತಾರೆ. ಪಾಠಕ್ಕೆಂದು ಮಕ್ಕಳ ಕೈಗೆ ಕೊಟ್ಟಿದ್ದ, ಈ ಊರಿನ ಧೂಳು ಅಳೆದು ಬರೆದ ವರದಿ ಮಾತ್ರ ಇಲ್ಲಿ ಧೂಳಿನ ತೊಂದರೆಯೇ ಇಲ್ಲ ಎನ್ನುತ್ತದೆ! ನನಗೆ ಮೈ ಉರಿಯಿತು. ವಿನುತಾ ಸಿಟ್ಟಾಗಲಿಲ್ಲ. ಸೀರೆ ಕಟ್ಟುತ್ತಿದ್ದ ಮಾರಿಯಮ್ಮನನ್ನು, ಧೂಳು ಅಳೆಯುವವರು ಯಾವಾಗ ಬಂದಿದ್ದರು ಎಂದು ಕೇಳಿದಳು.

"ಮಳೆಗಾಲ್ದಾಗೆ ಬಂದ್ರು ಕಣಮ್ಮಾ. ಒದ್ದೆ ಮಣ್ಣು ಗಾಳಿಗೆ ಎಂಗೆ ಏಳ್ತದೆ? ಈಗ ನನ್ ಮನೇಲಿ ಒಂದು ತುತ್ತು ತಿನ್ನು, ನಿನ್ ಹಲ್ಲಿಗೇ ತಿಳೀತದೆ."

ವಿನುತಾಳ ಮೇಷ್ಟ್ರು ಎಲ್ಲರೆದುರು, "ಹತ್ತು ವರ್ಷದಿಂದ ಈ ವರದಿ ಪಾಠ ಮಾಡ್ತಿದ್ದೀನಮ್ಮ, ನನಗೆ ಈ ಪ್ರಶ್ನೆ ಹೊಳೀಲೇ ಇಲ್ಲ" ಎಂದು ಹೇಳಿ ಅವಳ ಪ್ರಶ್ನೆಯನ್ನು ಬರೆದುಕೊಂಡರು. ಎಪ್ಪತ್ತೆಂಟರಲ್ಲಿ ಇಂಥದೇ ಒಂದು ಪ್ರಶ್ನೆ ಕೇಳಿದ್ದಕ್ಕೆ ನನ್ನನ್ನು ಕಾಲೇಜಿನಲ್ಲಿ ವಾರವಿಡೀ ಹೊರಗೆ ನಿಲ್ಲಿಸಿದ್ದರು. ಆಮೇಲೆ ಪುಸ್ತಕ ಬಹಳ ಓದಿದೆ, ತರಗತಿಯಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ನನಗೆ ಸ್ವಲ್ಪ ಕೆಮ್ಮು, ಬಿಸಿನೀರು ಕುಡಿಯುತ್ತಿದ್ದೇನೆ. ನಾಳೆಯಿಂದ ವಿನುತಾ ಮತ್ತು ಅವಳ ಜೊತೆಯವರು ಈ ಬೀದಿಯ ಧೂಳನ್ನು ತಾವೇ ಅಳೆಯುತ್ತಾರಂತೆ. ಅವಳನ್ನು ಬಿಡಿಸುವುದಿಲ್ಲ, ಬಯ್ಯುವುದಿದ್ದರೆ ನನ್ನನ್ನು ಬಯ್ಯಿ. ನಿನ್ನ ಸಿಟ್ಟು ಇಳಿಯಲಿ ಎಂದು ಈ ಕಾರ್ಡನ್ನು ಮೊದಲು ಕಳಿಸಿ, ಮೂರು ದಿನ ಬಿಟ್ಟು ಬಂಗಾರಪೇಟೆಯಲ್ಲಿ ರೈಲು ಹತ್ತುತ್ತೇನೆ, ಒಬ್ಬನೇ.

ನಿನ್ನ ತಮ್ಮ,
ನಾಗೇಂದ್ರ