ಆರ್ಗಿರೋಳ ಬಿಳಿ ಹಾಸುಗಳು

ಲೆಯೊನಿ,

ಮಹಾಯುದ್ಧ ಗೆದ್ದದ್ದು ನನ್ನ ಕಲ್ಲಿದ್ದಲು ಸಲಿಕೆಯಿಂದ ಎಂದು ಆಂದ್ರೋಸ್ ದ್ವೀಪವನ್ನೆಲ್ಲ ನಂಬಿಸಿದ್ದೆ. ಇವತ್ತು ನೀನು ಅಡ್ಡ ಬಂದೆ. ಹಡಗಿನ ಜೊತೆ ಮುಳುಗಿದವನು ತೆಪ್ಪಗಿರಬಾರದೇ?

ಕಾಫಿ ಅಂಗಡಿಯಲ್ಲಿ ನಮ್ಮ ಸರಕು ಹಡಗಿನ ಮಾತು ಬಂತು. ಹೊಗೆ ಕಂಡರೆ ಶತ್ರುವಿನ ಜಲಾಂತರ್ಗಾಮಿ ಬೆನ್ನು ಹತ್ತುತ್ತಿದ್ದ ಆ ಕಾಲದಲ್ಲಿ, ಒಲೆಯ ಮುಂದೆ ನನ್ನ ಪಾಳಿಯಲ್ಲಿ ಒಂದೆಳೆ ಹೊಗೆಯೂ ಎದ್ದಿರಲಿಲ್ಲ ಎಂದೆ.

"ಅದು ಲೆಯೊನಿ ಪಾಳಿ ಕಣೋ," ಎಂದ ನಮ್ಮ ಜೊತೆ ಡೆಕ್ಕಿನಲ್ಲಿದ್ದ ಪಾಂದೆಲಿ. "ನಿನ್ನ ಪಾಳಿ ಬಂದ್ರೆ ನಾವು ತೇಲುಪಟ್ಟಿ ಕಟ್ಕೊಂಡೇ ಮಲಗ್ತಿದ್ವಿ!"

ರೋಷಕ್ಕೆ ಪಂದ್ಯ ಕಟ್ಟಿದೆ. ಬಂದರಿನ ಹಳೆಯ ಉಗಿದೋಣಿಯ ಒಲೆಗೆ ನಾನೇ ಕಲ್ಲಿದ್ದಲು ಹಾಕಬೇಕು, ದೀಪಸ್ತಂಭದವರೆಗೆ ಹೊಗೆ ಏಳಬಾರದು. ನೀನಾದರೆ ಕಲ್ಲಿದ್ದಲನ್ನು ಉಪ್ಪು ಉದುರಿಸಿದಂತೆ ತೆಳ್ಳಗೆ ಹರಡುತ್ತಿದ್ದೆ. ನನಗೂ ತೋರಿಸಿಕೊಟ್ಟಿದ್ದೆ, ನಾನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ಇವತ್ತು ನಿನ್ನ ಹೆಂಡತಿ ಆರ್ಗಿರೋ ಮಹಡಿಯಲ್ಲಿ ನಿಂತಿದ್ದಳು. ದೋಣಿ ಅವಳೆದುರು ಹಾರಬೇಕೆಂದು ಸಲಿಕೆ ತುಂಬ ತುಂಬ ಎಸೆದೆ. ಎದ್ದ ಹೊಗೆ ಅವಳು ಒಣಹಾಕಿದ ಬಿಳಿ ಹಾಸುಗಳ ಮೇಲೇ ಹೋಗಿ ಕೂತಿತು.

ಕಪ್ಪಾದ ಹಾಸು ಹಿಡಿದು ಅವಳು ಕೂಗಿದಳು: "ಸ್ಟಮಾತಿ, ನಮ್ಮೋರು ಕಲ್ಲಿದ್ದಲು ಹಾಕಿದ್ದಿದ್ರೆ ದೋಣಿ ಹೊರಟಿದ್ದೇ ಊರಿಗೆ ಗೊತ್ತಾಗ್ತಿರ್ಲಿಲ್ಲ!"

ನಮ್ಮೋರಂತೆ! ಇಷ್ಟು ವರ್ಷವಾದ ಮೇಲೂ! ಬೈಯುವಾಗಲೂ ನಿನ್ನ ಹೆಸರಿಗೆ ಅವಳ ಮುಖ ಅರಳಿತು.

ಪಂದ್ಯದಲ್ಲಿ ಹೋದದ್ದು ಹತ್ತು ದ್ರಾಕ್ಮಾ ಎಂದು ಮನೆಯಲ್ಲಿ ತಂಗಿಗೆ ಹೇಳಿದ್ದೇನೆ. ನೀನು ಯಾರಿಗೂ ಬಾಯಿ ಬಿಡಲಾರೆ, ಅದಕ್ಕೆ ನಿನಗೆ ಹೇಳುತ್ತೇನೆ. ಆರ್ಗಿರೋಳಿಗೆ ಉಂಗುರ ಮಾಡಿಸಲು ಕೂಡಿಟ್ಟದ್ದೆಲ್ಲ ಹೋಯಿತು: ಎಂಟುನೂರು.